ಆರ್ಕಿಯಾಪ್ಟರಿಕ್ಸ್ ಎರಕ: ಗರಿ ಅಳಿಸದಂತೆ ತೆಗೆಯುವ ಬಗೆ

ಬರ್ಲಿನ್ ಮ್ಯೂಸಿಯಂನಲ್ಲಿರುವ ಆರ್ಕಿಯಾಪ್ಟರಿಕ್ಸ್ (ಗರಿಯಿದ್ದ ಆದಿಹಕ್ಕಿಯ ಪಳೆಯುಳಿಕೆ) ಕಲ್ಲಿನ ಹಲಗೆ ಸುಮಾರು 46×38 ಸೆಂ.ಮೀ. ಅದರ ಪ್ಲಾಸ್ಟರ್ ಪ್ರತಿಯಿಂದ ತರಗತಿಗೆ ಎರಕ ತೆಗೆಯುವಾಗ ಮೂಳೆಗಳಿಗೆ ಏನೂ ಆಗುವುದಿಲ್ಲ. ಬಾಲದ 20ಕ್ಕೂ ಹೆಚ್ಚು ಮೂಳೆಮಣಿಗಳು, ರೆಕ್ಕೆಯ ಮೂರು ಉಗುರು, ಎಲ್ಲ ಸಲೀಸಾಗಿ ಬರುತ್ತವೆ. ಅಳಿಸಿಹೋಗುವುದು ಗರಿ. ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಗರಿ ಅಂದರೆ ಕೂದಲೆಳೆಯಷ್ಟು ಆಳದ ಗೀರು, ಅಷ್ಟೇ.

ಮೊದಲ ನಷ್ಟ ಆಗುವುದು ಮಾತೃಪ್ರತಿಗೆ, ಅಂದರೆ ಆ ಪ್ಲಾಸ್ಟರ್ ಪ್ರತಿಗೆ, ಅರಗು ಬಳಿಯುವಾಗಲೇ. 100 ಎಂಎಲ್ ಸ್ಪಿರಿಟ್‌ಗೆ (ಆಲ್ಕೋಹಾಲ್) 10 ಗ್ರಾಂ ಅರಗು ಸಾಕು. ಮಂದವಾದರೆ ಗೀರು ತುಂಬಿಕೊಳ್ಳುತ್ತದೆ. ಅಚ್ಚು ಅಂಟದಂತೆ ಹಚ್ಚುವ ವ್ಯಾಸಲೀನನ್ನೂ ವೈಟ್ ಸ್ಪಿರಿಟ್‌ನಲ್ಲಿ (ಪೇಂಟ್ ತೆಳುವಾಗಿಸುವ ದ್ರವ) ತೆಳುವಾಗಿಸಿ ಬಳಿದು, ಒಣ ಬ್ರಷ್‌ನಿಂದ ಮತ್ತೆ ಎತ್ತಿಬಿಡುತ್ತೇನೆ.

ಅಚ್ಚಿನ ಸಿಲಿಕೋನ್ ರಬ್ಬರ್ 8 ಮಿ.ಮೀ. ದಪ್ಪಕ್ಕೆ, ಸುತ್ತಲಿನ ಅಂಚೂ ಸೇರಿ, ಎರಡು ಕೆಜಿ ಹಿಡಿಯುತ್ತದೆ. ನಾನು ಬಳಸುವುದು ಟಿನ್ ಕ್ಯೂರ್, ಅಂದರೆ ತವರದ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ. ಪ್ಲಾಟಿನಂ ಬಗೆಯದು ಕುಗ್ಗುವುದು ಕಡಿಮೆ, ನಿಜ, ಆದರೆ ಅಂಚು ಕಟ್ಟುವ ಜೇಡಿಯಲ್ಲಿ ಗಂಧಕವಿದ್ದರೆ, ಕೈಯಲ್ಲಿ ಲೇಟೆಕ್ಸ್ ಗ್ಲೌಸ್ ಇದ್ದರೂ ಸರಿ, ತಾಗಿದ ಕಡೆ ಅಂಟಂಟಾಗಿಯೇ ಉಳಿಯುತ್ತದೆ. ಟಿನ್ ಬಗೆ ಬಿಗಿಯಲು ಗಾಳಿಯ ತೇವವೂ ನೆರವಾಗುತ್ತದೆ. ಮಳೆಗಾಲದಲ್ಲಿ ಬೇಗ ಹಿಡಿದುಬಿಡುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವೇ ಕಲಸಿ. ಮೊದಲ ಕೈ ತೆಳ್ಳಗೆ, ಬ್ರಷ್ಷನ್ನು ಎಳೆಯದೆ ತಟ್ಟಿ ತಟ್ಟಿ, ಗರಿಯ ದಂಟಿನ ಗುಂಟ. ಗುಳ್ಳೆ ಕೂರುವುದು ಅಲ್ಲೇ. ಕೊನೆಗೆ ಹಿಂಬದಿಗೆ ನಾರು ಬೆರೆಸಿದ ಪ್ಲಾಸ್ಟರ್ ತೊಟ್ಟಿಲು (ಆಸರೆಯ ಕವಚ) ಕಟ್ಟಿ, ಅದು ಗಟ್ಟಿಯಾದ ಮೇಲೆಯೇ ಅಚ್ಚು ಬಿಡಿಸಬೇಕು. ಇಲ್ಲದಿದ್ದರೆ ರಬ್ಬರ್ ಹಾಳೆ ಸೊಟ್ಟಗಾಗಿ ಹಲಗೆಯೂ ಸೊಟ್ಟ.

ಎರಕಕ್ಕೆ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಡೆಂಟಲ್ ಸ್ಟೋನ್ (ಹಲ್ಲಿನ ಪ್ರತಿ ಎರೆಯಲು ಬಳಸುವ ಗಟ್ಟಿ ಜಿಪ್ಸಂ ಪುಡಿ) ತನ್ನಿ. 2 ಸೆಂ.ಮೀ. ದಪ್ಪಕ್ಕೆ ಐದೂವರೆ ಕೆಜಿ ಪುಡಿ, 1.65 ಲೀಟರ್ ನೀರು. ಪುಡಿಯನ್ನು ನೀರಿಗೆ ಉದುರಿಸಿ, ನೆನೆಯಲು ಬಿಟ್ಟು, ಕಡೆಯದೆ ಮೆಲ್ಲಗೆ ತಿರುವಿದರೆ ಇಡ್ಲಿ ಹಿಟ್ಟಿನ ಹದ. ಇಷ್ಟನ್ನೂ ಒಟ್ಟಿಗೆ ಕಲಸಿದರೆ ಸುರಿಯುವ ಮೊದಲೇ ಬಕೆಟ್‌ನಲ್ಲಿ ಕಲ್ಲಾಗುತ್ತದೆ. ಒಂದು ಕೆಜಿ ಮಾತ್ರ ಮೊದಲು ಬ್ರಷ್‌ನಲ್ಲಿ ತಟ್ಟಿ, ಅದರ ಒದ್ದೆ ಹೊಳಪು ಆರುವ ಮುನ್ನ ಉಳಿದದ್ದನ್ನು ಸುರಿದು ಮೇಜು ಕುಟ್ಟಿ. ಹೊಳಪು ಆರಿದ ಮೇಲೆ ಸುರಿದರೆ ಪದರ ಬಿಡುತ್ತದೆ.

ಬಣ್ಣದಲ್ಲಿ ಹೆಚ್ಚಿನವರು ಎಡವುತ್ತಾರೆ. ಗರಿಗೆ ಕಂದು ಹಚ್ಚಬಾರದು. ಕಲ್ಲಿನ ಬಣ್ಣ ಮಾಸಲು ಹಳದಿ. ಮೂಳೆಗೆ ಮಾತ್ರ ಕಂದು. ಗರಿಗೆ ನೀರಾದ ಅಕ್ರಿಲಿಕ್ ಹರಿಸಿ, ಕೂಡಲೇ ಒರೆಸಿಬಿಡಿ. ಎಡಬದಿಯಿಂದ, ಹಲಗೆಗೆ ತಾಗುವಷ್ಟು ತಗ್ಗಿಸಿ ದೀಪ ಹಿಡಿದರೆ ದಂಟಿನ ಒಂದು ಬದಿ ಕಿರಿದು, ಇನ್ನೊಂದು ಅಗಲ ಇರುವುದೂ ಕಾಣಬೇಕು. ಕಾಣದಿದ್ದರೆ ಆ ಹಲಗೆ ಮೂಲೆಗೆ, ಮುಂದಿನದನ್ನು ಎರೆಯಿರಿ.