ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ತೊಗೊಳೋ ಮುಂಚೆ ಮೂರು ವರ್ಷದ ಲೆಕ್ಕ ಹಾಕ್ರಿ

ಹೈದರಾಬಾದ್‌ನಾಗ ದೊಡ್ಡ ಗಾಡಿ ಸೋವಿ ಸಿಗ್ತಾವ ಅಂತ ಕೇಳಿ ನಾನೂ ಹೋಗಿ ಒಂದು ತಂದಿದ್ದೆ, ಇಲ್ಲಿ ಕಲಬುರಗಿ ರೇಟಿಗಿಂತ ಇಪ್ಪತ್ತೈದು ಸಾವಿರ ಕಡಿಮಿ ಬಿತ್ತು ಅಂತ ಭಾಳ ಖುಷಿಯಾಗಿತ್ತು. ಮೇ ತಿಂಗಳದಾಗ ಬೀದರ್‌ಗೆ ಹೊಂಟಾಗ ಹುಮನಾಬಾದ್ ಇನ್ನೂ ಮುಂದ ಇರೂದ್ರಾಗ ರೇಡಿಯೇಟರ್ ಫ್ಯಾನ್ ನಿಂತು ಟೆಂಪರೇಚರ್ ಲೈಟ್ ಹತ್ತಿತು. ಬೇವಿನ ಗಿಡದ ಕೆಳಗ ಎರಡು ತಾಸು ಕುಂತು ಪಿಕಪ್ ಮಾಡಿಸ್ಕೊಂಡು ವಾಪಸ್ ಬಂದೆ, ಫ್ಯಾನ್ ಬರೂದಕ್ಕ ಹತ್ತೊಂಬತ್ತು ದಿನ ಹಿಡೀತು. ಪಿಕಪ್ ಬಾಡಿಗಿ, ಫ್ಯಾನ್, ಮ್ಯಾಲೆ ಟ್ಯಾಕ್ಸು ಎಲ್ಲಾ ಕೂಡಿಸಿದ್ರ ಉಳಿಸಿದ ರೊಕ್ಕ ಅಷ್ಟೂ ಹೋಗಿ ಇನ್ನೂ ಕೈಯಿಂದ ಹತ್ತಿತು. ಅದಕ್ಕ ಹೇಳ್ತೀನಿ, ಮಾರೋರು ಹೇಳೋ ರೇಟು ಬರೇ ಮೊದಲನೇ ಕಂತು.

ಲೆಕ್ಕ ಹೇಂಗ ಹಾಕ್ಬೇಕಂದ್ರ, ವರ್ಷಕ್ಕ 10,000 ಕಿ.ಮೀ ಓಡಿಸ್ತೀರಿ ಅಂತ ಹಿಡೀರಿ. 30 ಆವರೇಜ್ ಕೊಡೋ ಗಾಡಿಗೆ 333 ಲೀಟರ್ ಬೇಕು, 25 ಕೊಡೋದಕ್ಕ 400. ಲೀಟರಿಗೆ ನೂರು ರೂಪಾಯಿ ಹಿಡಿದ್ರೂ ವರ್ಷಕ್ಕ 6,700 ಫರಕು, ಮೂರು ವರ್ಷಕ್ಕ ಇಪ್ಪತ್ತು ಸಾವಿರ. ಇನ್ಶೂರೆನ್ಸ್ ಕಡಿ ನೋಡ್ರಿ, 2022ರ ಜೂನ್‌ನಾಗ ಬಂದ ದರದ ಪ್ರಕಾರ ಥರ್ಡ್ ಪಾರ್ಟಿ 150ರಿಂದ 350 ಸಿಸಿ ತನಕ ವರ್ಷಕ್ಕ 1,366, 350 ದಾಟಿದ್ರ 2,804, ಇದರ ಮ್ಯಾಲೆ ಜಿಎಸ್‌ಟಿ ಬ್ಯಾರೆ. ಮಾರಿದೋರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವ್ರಿಗೆ ಸಿಗೋ ರಿಯಾಯ್ತಿ) ನಿಮಗ ಬರಂಗಿಲ್ಲ, ಅದು ಅವರ ಹೆಸರಿಗೇ ಇರ್ತದ. ಮೂರು ವರ್ಷದಾಗ ಒಂದ್ ಜೋಡಿ ಟೈರು, ಒಂದ್ ಚೈನ್ ಸ್ಪ್ರಾಕೆಟ್ ಸೆಟ್ಟು, ಒಂದು ಬ್ಯಾಟರಿ ಬರೂದೇ, ಬ್ರೇಕ್ ಪ್ಯಾಡೂ ಬರ್ತಾವ, ಇವೆಲ್ಲಾ ಮೊದಲೇ ಬರ್ಕೊಂಡು ರೇಟಿಗೆ ಕೂಡಿಸಿ ಆಮ್ಯಾಲೆ ಎರಡು ಗಾಡಿ ತೂಗಿ ನೋಡ್ರಿ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಹೊಸ ಗಾಡಿ ಮ್ಯಾಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳದದ, 350 ದಾಟಿದ್ದಕ್ಕ 40 ಆಗೇದ. ಅಂದ್ರ ಹಳೇ ಬಿಲ್ ತೋರಿಸಿ ‘ನಾ ಇಷ್ಟ್ ಕೊಟ್ಟೀನ್ರಿ’ ಅಂತ 350 ಮಾರೋರ ಹತ್ರ ಈಗಿನ ಹೊಸ ಗಾಡಿ ರೇಟ್ ಇಟ್ಕೊಂಡು ಮಾತಾಡ್ರಿ.

ಮಾರೋರ ಮನಿಗೆ ಹೋಗೋ ಮುಂಚೆ ನಿಮ್ಮ ಮಿಸ್ತ್ರಿ ಹತ್ರ ಹೋಗ್ರಿ, ಇದು ನನಗ ಭಾಳ ತಡಾ ತಿಳೀತು. ‘ಕಾಕಾ, ಈ ಗಾಡಿದು ಕ್ಲಚ್ ಪ್ಲೇಟು, ಲೀವರು, ಫ್ಯಾನು, ಸೆನ್ಸರು ಎಷ್ಟ್ ದಿನದಾಗ ತರಿಸ್ತೀರಿ?’ ಅಂತ ಒಂದೊಂದಾಗಿ ಕೇಳ್ರಿ. ಎರಡು ದಿನ ಅಂದ್ರ ಆ ಗಾಡಿ ನಿಮ್ಮೂರಿಂದು, ‘ನೋಡೋಣ ತಮ್ಮಾ’ ಅಂದ್ರ ಅದು ಹೈದರಾಬಾದ್‌ನಾಗ ಇದ್ದೋರಿಗೆ ಸರಿ. ಯಾದಗಿರಿ, ಬೀದರ್ ಕಡಿಯವ್ರಂತೂ ಇದನ್ನ ಎರಡು ಸಲ ಕೇಳ್ರಿ. ಎಂಥಾ ಗಟ್ಟಿ ಇಂಜಿನ್ ಇದ್ರೂ ಸಾಮಾನು ಸಿಗಲಿಲ್ಲಂದ್ರ ಗಾಡಿ ಗೋಡಿಗೆ ಆನಿಸಿ ನಿಲ್ಲಿಸ್ಬೇಕಾಗ್ತದ.

ಯಾವ ಮಾಡೆಲ್ ಅಂತ ಕೇಳಿದ್ರ, ಮೊದಲನೇ ವರ್ಷದ ಗಾಡಿ ಬಿಟ್ಟು ಸುಧಾರಿಸಿದ್ದು ತೊಗೊಳ್ರಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 2016ರಾಗ ಕಾರ್ಬ್ಯುರೇಟರ್ ಮ್ಯಾಲೆ ಬಂತು, 2017ರಿಂದ ಫ್ಯೂಯೆಲ್ ಇಂಜೆಕ್ಷನ್, ನಾನಾದ್ರ ಇಂಜೆಕ್ಷನ್ ಇದ್ದದ್ದೇ ನೋಡ್ತೀನಿ. ಬಜಾಜ್ ಡಾಮಿನಾರ್ 400 2016ರ ಡಿಸೆಂಬರ್‌ದಾಗ ಬಂತು, 2019ರಾಗ ಮುಂದಿನ ಫೋರ್ಕ್ ಬದಲಾಗಿ ಪವರ್ 35ರಿಂದ 40 ಪಿಎಸ್ ಆಯ್ತು, ಮನಸ್ಸಿದ್ರ ಅದು. ಡಾಮಿನಾರ್‌ಗೆ ಅಲಾಯ್ ವೀಲು, ಟ್ಯೂಬ್‌ಲೆಸ್ ಟೈರು, ಹಿಮಾಲಯನ್ 411ಕ್ಕ ಕಡ್ಡಿ ಗಾಲಿ, ಒಳಗ ಟ್ಯೂಬು. ರಾತ್ರಿ ಕಮಲಾಪುರ ದಾಟಿ ಪಂಕ್ಚರ್ ಆದ್ರ ಟ್ಯೂಬ್ ಗಾಡಿ ಗಾಲಿ ಬಿಚ್ಚೋದು ಎಂಥಾ ಕೆಲಸ ಅಂತ ಮಾಡಿದೋರಿಗೇ ಗೊತ್ತು. ತಾಸಿಗೆ ಎಂಬತ್ತರ ಮ್ಯಾಲೆ ಓಡಿಸದವ್ರು ರಾಯಲ್ ಎನ್‌ಫೀಲ್ಡ್ ಮೀಟಿಯರ್‌ನಂಥ 350 ತೊಗೊಂಡ್ರ ಖರ್ಚು ಎಲ್ಲಾ ಕಡಿ ಕಡಿಮಿ, ಬೆಂಗಳೂರು ತನಕ ಹೋಗಿ ಬರೋಕೂ ಅಷ್ಟು ಸಾಕು.

ಈಗ ನೋಡೋ ಕೆಲಸ. ಹೊತ್ತಾರೆ ಹೋಗ್ರಿ, ನಾವು ಬರೋತನಕ ಸ್ಟಾರ್ಟ್ ಮಾಡಬ್ಯಾಡ್ರಿ ಅಂತ ಮೊದಲೇ ಹೇಳಿಡ್ರಿ. ಹೋದ ಕೂಡ್ಲೇ ಇಂಜಿನ್ ಮ್ಯಾಲೆ ಕೈ ಇಟ್ಟು ನೋಡ್ರಿ, ಬೆಚ್ಚಗ ಇತ್ತಂದ್ರ ತಣ್ಣಗ ಇದ್ದಾಗಿನ ಯಾವುದೋ ಸೌಂಡ್ ಮುಚ್ಚಿಟ್ಟಾರ ಅಂತ ನಾನು ಹಿಡೀತೀನಿ. ನಮ್ಮ ಮಿಸ್ತ್ರಿ ಕಾಕಾ ಒಂದ್ ಸಲ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿದ್ರು, ಫಿಲ್ಟರ್ ದಾಟಿ ಒಳಗಿನ ಪೈಪಿನಾಗ ಬೂದಿ ಬಣ್ಣದ ಧೂಳು ಬೆರಳಿಗೆ ಹತ್ತಿತು, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ರೋಡಿನಾಗ ಓಡಿದ ಗಾಡಿ ಅದು. ಧೂಳು ಒಳಗ ಹೋದ್ರ ಪಿಸ್ಟನ್ ರಿಂಗ್ ತಿಂತದ ತಮ್ಮಾ ಅಂದು ಡಬ್ಬಿ ಮುಚ್ಚಿ ನಡಿ ಅಂದ್ರು. ಪಾಲಿಶ್ ಮಾತ್ರ ಕನ್ನಡಿ ಹಂಗ ಇತ್ತು.

ಸ್ಟಾರ್ಟ್ ಆದ ಮ್ಯಾಲೆ ಸೈಲೆನ್ಸರ್ ಕಡಿ ನಿಲ್ರಿ, ನೀಲಿ ಹೊಗಿ ಬಂದ್ರ ಆಯಿಲ್ ಸುಡಲತ್ತದ. ಆಯಿಲ್ ಹಾಲು ಕಲಸಿದಂಗ ಕಂಡ್ರ ಒಳಗ ನೀರು ಸೇರೇದ, ಅಲ್ಲಿಂದ ಎದ್ದು ಬಂದ್ಬಿಡ್ರಿ. ರೇಡಿಯೇಟರ್ ಇದ್ದ ಗಾಡಿ ನಿಂತಲ್ಲೇ ಚಾಲೂ ಬಿಟ್ಟು ಫ್ಯಾನ್ ತಿರುಗೋ ತನಕ ಕಾಯ್ರಿ, ಹೊತ್ತಾಯ್ತು ಅಂತ ಮಾರೋರು ಬ್ಯಾಸ್ರ ಮಾಡಿದ್ರೂ ಕಾಯ್ರಿ. ಬ್ಯಾಸಿಗಿ ಒಳಗ ನಮ್ಮಲ್ಲಿ 43 ಡಿಗ್ರಿ ಇರ್ತದ, ನಾನು ಅವತ್ತು ಹತ್ತು ನಿಮಿಷ ಕಾದಿದ್ರ ಆ ಬೇವಿನ ಗಿಡದ ಕೆಳಗ ಕೂಡೂದು ತಪ್ತಿತ್ತು.

ಮುಂದಿನ ಫೋರ್ಕ್ ರಾಡು ಕರ್ಚೀಫಿನಿಂದ ಒರೆಸಿ ಹ್ಯಾಂಡಲ್ ನಾಕು ಸಲ ಒತ್ರಿ, ಆಯಿಲ್ ಗೆರಿ ಬಂದ್ರ ಸೀಲ್ ಹೋಗೇದ. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ಸಾವಕಾಶ ತಿರುಗಿಸಿದಾಗ ನಡುವ ಟಕ್ ಅಂತ ಸಿಕ್ಕಂಗಾದ್ರ ಹ್ಯಾಂಡಲ್ ಬೇರಿಂಗ್, ಅಂದ್ರ ಕೋನ್ ಸೆಟ್, ಮುಗದದ. ಹಿಂದಿನ ಸ್ಪ್ರಾಕೆಟ್ ಮ್ಯಾಲಿನ ಚೈನ್ ಹಿಂದಕ್ಕ ಎಳೀರಿ, ಎದ್ದು ಹಲ್ಲು ಕಂಡ್ರ ಹೊಸ ಸೆಟ್ಟಿನ ರೊಕ್ಕ ಅಲ್ಲೇ ಮುರೀರಿ.

ಕಿಲೋಮೀಟರ್ ಖರೇ ಅದನೋ ಇಲ್ಲೋ ಅಂತ ಟೈರೇ ಹೇಳ್ತದ. ಟೈರಿನ ಬಾಜೂಕ ನಾಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ. ಮೀಟರ್ 8,000 ತೋರ್ಸಲತ್ತದ, ಆದ್ರ ಟೈರು ಗಾಡಿಗಿಂತ ಎರಡು ವರ್ಷ ಹೊಸದು ಅಂದ್ರ ಹಳೇ ಟೈರು ಎಲ್ಲಿ ಸವೀತು ಅಂತ ಕೇಳ್ರಿ. ಬ್ರೇಕ್ ಡಿಸ್ಕಿನ ಅಂಚಿಗೆ ಉಗುರು ಎಳೀರಿ, ಏಣು ಎದ್ದಿದ್ರ ಅದು ಎಂಟು ಸಾವಿರ ಕಿ.ಮೀ ಓಡಿದ ಡಿಸ್ಕ್ ಅಲ್ಲ.

ಕಾಗದಪತ್ರ ವಿಷಯ ಬೇಗ ಹೇಳ್ತೀನಿ. ಸರ್ಕಾರದ ಆ್ಯಪ್ ಎಂಪರಿವಾಹನ್‌ನಾಗ ನಂಬರ್ ಹಾಕಿ ಆರ್‌ಸಿ, ಇನ್ಶೂರೆನ್ಸು, ಫೈನಾನ್ಸ್ ಬಾಕಿ ನೋಡ್ರಿ, ಚಲನ್ ಬ್ಯಾರೆ ನೋಡ್ರಿ. ಲೋನ್ ಇದ್ರ ಬ್ಯಾಂಕ್ ಎನ್‌ಒಸಿ, ಫಾರ್ಮ್ 35 (ಸಾಲ ತೀರೇದ, ತಕರಾರಿಲ್ಲ ಅನ್ನೋ ಕಾಗದ) ಬರೋತನಕ ಪೂರಾ ರೊಕ್ಕ ಕೊಡಬ್ಯಾಡ್ರಿ. ಗಾಡಿ ನಿಮ್ಮ ಹೆಸರಿಗೆ ಮಾಡೋ 29, 30 ಫಾರ್ಮಿಗೆ ಅಲ್ಲೇ ಸಹಿ ಮಾಡಿಸ್ಕೊಳ್ರಿ. ತೆಲಂಗಾಣ, ಮಹಾರಾಷ್ಟ್ರದ ಗಾಡಿ ಆದ್ರ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಹನ್ನೆರಡು ತಿಂಗಳ ಮ್ಯಾಲೆ ಇಲ್ಲಿ ಇಟ್ಕೊಂಡ್ರ ನಮ್ಮ ನಂಬರ್ ಮಾಡಿಸ್ಬೇಕು, ಗಾಡಿ ವಯಸ್ಸಿನ ಪ್ರಕಾರ ಲೈಫ್ ಟ್ಯಾಕ್ಸೂ ಕಟ್ಬೇಕು. ಈ ಟ್ಯಾಕ್ಸ್ ಎಷ್ಟಾಗ್ತದ ಅಂತ ಆರ್‌ಟಿಓದಾಗ ಕೇಳ್ಕೊಂಡೇ ಗಡಿ ದಾಟ್ರಿ.

ಗಾಡಿ ಮನಿಗೆ ಬಂದ ವಾರ ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲಾ ಹೊಸದು ಹಾಕಿಸ್ರಿ, ಅದಕ್ಕಂತ ಗಾಡಿ ರೇಟಿನ ಹತ್ತನೇ ಭಾಗ ಬ್ಯಾರೆ ತೆಗೆದಿಡ್ರಿ. ಆಮ್ಯಾಲೆ ಒಮ್ಮೆಲೇ ಗೋವಾ ಅನ್ನಬ್ಯಾಡ್ರಿ. ಮೊದಲು ಬೀದರ್ ಕೋಟಿ ತನಕ ಹೋಗಿ ಸಂಜಿಗೆ ವಾಪಸ್ ಬರ್ರಿ, ರಾತ್ರಿ ಗಾಡಿ ಕೆಳಗ ಒಂದು ರಟ್ಟು ಹಾಸಿ ಬಿಟ್ಟು, ಬೆಳಿಗ್ಗೆ ಅದರ ಮ್ಯಾಲೆ ಎಲ್ಲಿ ಹನಿ ಬಿದ್ದದ ಅಂತ ನೋಡಿ ಅದನ್ನೇ ಮಿಸ್ತ್ರಿಗೆ ತೋರ್ಸ್ರಿ.