ಎಚ್‌ಎಸ್‌ಪಿ47 ಜೊತೆ ಕೆಲಸ ಮಾಡೋರು ಮೊದಲು ಪಿಎಚ್ ನೋಡ್ಕೊಳ್ಳಿ

ಎಚ್‌ಎಸ್‌ಪಿ47 ಅಂದ್ರೆ ಜೀವಕೋಶದೊಳಗೆ ಕೊಲಾಜನ್‌ಗೆ ಅಂಟ್ಕೊಂಡು ನೆರವಾಗೋ ಪ್ರೋಟೀನ್. ರೀಕಾಂಬಿನೆಂಟ್ (ಲ್ಯಾಬಲ್ಲಿ ಜೀನ್ ಬಳಸಿ ತಯಾರಿಸಿದ) ಎಚ್‌ಎಸ್‌ಪಿ47 ವಯಲ್, ಅಂದ್ರೆ ಸಣ್ಣ ಶೀಶೆ, ಕೈಗೆ ಬಂದ ತಕ್ಷಣ ಮುಚ್ಚಳ ತೆಗೀಬೇಡಿ. ಒಣ ಪುಡಿ ಕಣ್ಣಿಗೂ ಸರಿಯಾಗಿ ಕಾಣಲ್ಲ, ಮುಚ್ಚಳದ ಒಳಗಡೆನೂ ಅಂಟ್ಕೊಂಡಿರತ್ತೆ, ಅದಕ್ಕೇ ಅರ್ಧ ನಿಮಿಷ ಸೆಂಟ್ರಿಫ್ಯೂಜ್ ಮಾಡಿ ತಳಕ್ಕಿಳಿಸಿ. ಆಮೇಲೆ ಜೊತೆಗೆ ಬಂದ ಶೀಟ್‌ನಲ್ಲಿರೋ ಬಫರ್ (ಪಿಎಚ್ ಏರುಪೇರಾಗದ ಹಾಗೆ ತಡೆಯೋ ದ್ರಾವಣ) ಹಾಕಿ, ಐಸ್ ಮೇಲಿಟ್ಟು ಹತ್ತು ನಿಮಿಷ ಬಿಡಿ, ಬೆರಳಲ್ಲಿ ಮೆಲ್ಲಗೆ ತಟ್ಟಿ. ವೋರ್ಟೆಕ್ಸ್ (ಜೋರಾಗಿ ಅಲ್ಲಾಡಿಸೋ ಯಂತ್ರ) ಮಾತ್ರ ಬೇಡ, ನೊರೆ ಬಂದ್ರೆ ಪ್ರೋಟೀನ್ ಕೆಡತ್ತೆ. ಒಂದೊಂದು ಪ್ರಯೋಗಕ್ಕೆ ಆಗೋಷ್ಟು, 10-20 ಮೈಕ್ರೋಲೀಟರ್, ಸಣ್ಣ ಟ್ಯೂಬ್‌ಗಳಿಗೆ ಹಂಚಿ -80 ಡಿಗ್ರೀಲಿಡಿ, ಒಂದ್ಸಲ ಕರಗಿಸಿದ್ದನ್ನ ವಾಪಸ್ ಫ್ರೀಜರ್‌ಗೆ ಹಾಕ್ಬೇಡಿ.

ಇದು ಸರ್ಪಿನ್ ಕುಟುಂಬದ್ದು, ಆದ್ರೆ ಆ ಕುಟುಂಬದ ಹೆಚ್ಚಿನವರ ತರ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸೋ ಕಿಣ್ವ) ತಡೆಯೋ ಕೆಲಸ ಇದಕ್ಕಿಲ್ಲ. ಜೀವಕೋಶದ ಇಆರ್‌ನಲ್ಲಿ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಪ್ರೋಟೀನ್ ತಯಾರಾಗೋ ಜಾಗ) ಪ್ರೊಕೊಲಾಜನ್‌ನ, ಅಂದ್ರೆ ಕೊಲಾಜನ್‌ನ ಮೊದಲ ರೂಪದ, ಮೂರು ಎಳೆ ಹೆಣೆದ ಹುರಿಯನ್ನ ಹಿಡ್ಕೊಂಡು ಗಾಲ್ಜಿ (ಪ್ರೋಟೀನನ್ನ ಮುಂದಕ್ಕೆ ಕಳಿಸೋ ಭಾಗ) ಕಡೆ ಹೋಗತ್ತೆ, ಅಲ್ಲಿ ಪಿಎಚ್ 6.3ರ ಆಸುಪಾಸಿಗೆ ಇಳಿದ ಕೂಡಲೇ ಕೈಬಿಟ್ಟು ತಾನು ವಾಪಸ್ ಬರತ್ತೆ. ಈ ಜೀನ್ ಇಲ್ಲದ ಇಲಿಮರಿಗಳು ಗರ್ಭದಲ್ಲೇ, 11.5ನೇ ದಿನದ ಹೊತ್ತಿಗೆ ಸಾಯ್ತವೆ, ಅಷ್ಟು ಮುಖ್ಯ ಇದು.

ಈ ಪಿಎಚ್ ವಿಷಯನೇ ನನ್ನ ಮೂರು ವಾರ ತಿಂದಿದ್ದು. ಪುಲ್‌ಡೌನ್‌ನಲ್ಲಿ (ಎಚ್‌ಎಸ್‌ಪಿ47ನ ಬೀಡ್ಸ್ ಅನ್ನೋ ಸಣ್ಣ ಮಣಿಗಳ ಮೇಲೆ ಕೂರಿಸಿ, ಅದಕ್ಕೆ ಕೊಲಾಜನ್ ಅಂಟತ್ತಾ ಅಂತ ಜೆಲ್‌ನಲ್ಲಿ ನೋಡೋ ಪ್ರಯೋಗ) ಕೊಲಾಜನ್ ಬ್ಯಾಂಡ್ ಬರ್ತಾನೇ ಇರ್ಲಿಲ್ಲ, ಪ್ರೋಟೀನೇ ಸತ್ತಿದೆ ಅಂತ ಹೊಸ ವಯಲ್ ಕೂಡ ತೆಗೆದೆ. ಕೊನೆಗೆ ಟ್ಯೂಬಿಂದ ಒಂದು ಹನಿ ಪಿಎಚ್ ಪೇಪರ್ ಮೇಲಿಟ್ಟೆ, 5ರ ಬಣ್ಣ ಬಂತು! ಕೊಲಾಜನ್ ಸ್ಟಾಕ್ 20 ಮಿಲಿಮೋಲಾರ್ ಅಸಿಟಿಕ್ ಆಸಿಡ್‌ನಲ್ಲಿತ್ತು, ನಾನು ಅಷ್ಟೇ ಅಳತೆಯ 20 ಮಿಲಿಮೋಲಾರ್ ಹೆಪಿಸ್ ಬಫರ್‌ಗೆ ಸುರಿದಿದ್ದೆ, ಆ ಬಫರ್‌ಗೆ ಅಷ್ಟು ಆಸಿಡ್ ತಡೆಯೋ ಶಕ್ತಿ ಎಲ್ಲಿಂದ ಬರಬೇಕು. ಹಾಗಾಗಿ ಬಫರ್‌ನ ಸಾಂದ್ರತೆ ಜಾಸ್ತಿ ಇಟ್ಕೊಳ್ಳಿ, ಕೊಲಾಜನ್ ಸ್ವಲ್ಪನೇ ಹಾಕಿ, ಎಲ್ಲಾ ಬೆರೆಸಿದ ಮೇಲೆ ಪಿಎಚ್ 7.4 ಇದ್ಯಾ ಅಂತ ಆ ಟ್ಯೂಬಲ್ಲೇ ನೋಡಿ. ಹೆಪಿಸ್ ಬದಲು ಟ್ರಿಸ್ ಬಫರ್ ಆದ್ರೆ ತಣ್ಣಗಾದಾಗ ಅದರ ಪಿಎಚ್ ಏರತ್ತೆ, ಅದಕ್ಕೇ 4 ಡಿಗ್ರೀಲೇ ಸರಿಮಾಡಿ.

ಇಡೀ ಕೆಲಸ ತಣ್ಣಗೇ ನಡೀಲಿ. ಪಿಎಚ್ 7.4ರಲ್ಲಿ ಬೆಚ್ಚಗಾದ್ರೆ ಕೊಲಾಜನ್ ತಾನೇ ನಾರುಕಟ್ಟಿ ತಳಕ್ಕೆ ಕೂರತ್ತೆ, ಅದನ್ನ ನೋಡಿ ಬೈಂಡಿಂಗ್ ಆಯ್ತು ಅಂದ್ಕೋತೀರ. ಜಾಸ್ತಿ ಬಿಸಿ ಮಾಡಿದ್ರೆ ಹುರಿನೇ ಬಿಚ್ಚಿ ಜೆಲಾಟಿನ್ ಆಗತ್ತೆ.

ಕಂಟ್ರೋಲ್ ಎರಡಂತೂ ಬೇಕೇ ಬೇಕು: ಬರೀ ಬೀಡ್ಸ್ ಜೊತೆ ಕೊಲಾಜನ್ ಒಂದು, ಇಡೀ ಪ್ರಯೋಗನೇ ಪಿಎಚ್ 6ರಲ್ಲಿ ಇನ್ನೊಂದು, ಎರಡರಲ್ಲೂ ಕೊಲಾಜನ್ ಅಂಟಬಾರದು. ಹಿಸ್ ಟ್ಯಾಗ್ (ನಿಕಲ್‌ಗೆ ಅಂಟೋ ಹಿಸ್ಟಿಡಿನ್ ಬಾಲ) ಇರೋ ಪ್ರೋಟೀನನ್ನ ನಿಕಲ್ ಬೀಡ್ಸ್ ಮೇಲೆ ಕೂರಿಸಿದ್ರೆ ಪಿಎಚ್ 6ರಲ್ಲಿ ಟ್ಯಾಗ್ ಹಿಡಿತನೂ ಸಡಿಲ ಆಗತ್ತೆ, ಅದಕ್ಕೇ ಜೆಲ್‌ನಲ್ಲಿ ಕೊಲಾಜನ್ ಹೋಗಿದ್ಯಾ ಅಂತ ಮಾತ್ರ ನೋಡ್ಬೇಡಿ, 47 ಕಿಲೋಡಾಲ್ಟನ್ ಹತ್ರ ಎಚ್‌ಎಸ್‌ಪಿ47 ಬ್ಯಾಂಡ್ ಬೀಡ್ಸ್ ಮೇಲೇ ಉಳಿದಿದ್ಯಾ ಅಂತನೂ ನೋಡಿ.