ರೂಟರ್‌ಗೂ ಒಂದು ಪಾಸ್‌ವರ್ಡ್ ಇದೆ, ಅದು ವೈ-ಫೈ ಪಾಸ್‌ವರ್ಡ್ ಅಲ್ಲ

2017ರ ಜುಲೈ ತಿಂಗಳಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಅನೇಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ತಯಾರಕರು ಇಟ್ಟು ಕಳುಹಿಸಿದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟಿದ್ದ ಮೋಡೆಮ್‌ಗಳೊಳಗೆ ಕುತಂತ್ರಾಂಶವೊಂದು ನುಗ್ಗಿತ್ತು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಅದರ ಹಿಂದಿನ ವರ್ಷ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ರೂಟರ್ ಮತ್ತು ಕ್ಯಾಮೆರಾಗಳನ್ನು ವಶಪಡಿಸಿಕೊಂಡದ್ದೂ ಇದೇ ದಾರಿಯಲ್ಲಿ. ಅದು ಹೊತ್ತು ತಂದದ್ದು ಕಾರ್ಖಾನೆಯಲ್ಲಿ ಇಡುವ 60ಕ್ಕೂ ಹೆಚ್ಚು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯನ್ನು. ಒಂದೊಂದನ್ನಾಗಿ ಪ್ರಯತ್ನಿಸಿ ನೋಡುವುದೇ ಅದರ ವಿದ್ಯೆ.

ನಮ್ಮ ಮನೆಗಳಲ್ಲಿ ವೈ-ಫೈ ಪಾಸ್‌ವರ್ಡ್ ಯಾರಿಗೂ ತಿಳಿಯಬಾರದೆಂಬ ಎಚ್ಚರ ಈಗ ಸಾಕಷ್ಟು ಬಂದಿದೆ. ಆದರೆ ಆ ವೈ-ಫೈ ಪಾಸ್‌ವರ್ಡನ್ನೇ ನಿಗದಿಪಡಿಸುವ, ಯಾವ ಜಾಲತಾಣದ ಹೆಸರಿಗೆ ಯಾವ ವಿಳಾಸ ಎಂಬುದನ್ನು ತೀರ್ಮಾನಿಸುವ ಅಡ್ಮಿನ್ ಪುಟದ ಪಾಸ್‌ವರ್ಡ್ ಬೇರೆಯೇ ಇದೆ ಎಂಬುದು ಬಹುಮಂದಿಗೆ ಗೊತ್ತಿಲ್ಲ. ಇವೆರಡರ ಜೊತೆಗೆ, ಕೆಲವು ಸಂಪರ್ಕಗಳಲ್ಲಿ ಸೇವಾದಾರ ಸಂಸ್ಥೆ ಕೊಡುವ ಮೂರನೆಯದೊಂದು ಪಾಸ್‌ವರ್ಡ್ ಇರುತ್ತದೆ. ಅದಕ್ಕೆ ಪಿಪಿಪಿಒಇ ಎಂದು ಹೆಸರು; ಇಂಟರ್ನೆಟ್ ಬರುವುದೇ ಅದರಿಂದ. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡರೆ ಮುಂದಿನ ಕೆಲಸ ಸುಲಭ.

ಒಂದು ಮಾತು ಮೊದಲೇ ಹೇಳಬೇಕು. ಈ ಲೇಖನದಲ್ಲಿರುವುದು ನಿಮ್ಮದೇ ರೂಟರ್‌ಗೆ ಸಂಬಂಧಿಸಿದ್ದು. ಬಾಡಿಗೆ ಮನೆ, ಪಿ.ಜಿ., ಹಾಸ್ಟೆಲ್ ಅಥವಾ ಕಚೇರಿಯ ರೂಟರ್ ಆಗಿದ್ದರೆ ಅದರ ಮಾಲೀಕರ ಅನುಮತಿ ಬೇಕು. ಅನುಮತಿಯಿಲ್ಲದೆ, ಮೋಸದ ಉದ್ದೇಶದಿಂದ ಬೇರೆಯವರ ಉಪಕರಣಕ್ಕೆ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಅಪರಾಧ.

ಹಂತ 1: ವಿಳಾಸ ತಿಳಿದುಕೊಳ್ಳುವುದು

ರೂಟರ್‌ನ ಕೆಳಭಾಗದಲ್ಲಿ ಅಥವಾ ಹಿಂಭಾಗದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಮಾದರಿ ಸಂಖ್ಯೆ, ಲಾಗಿನ್ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲವೂ ಸಾಮಾನ್ಯವಾಗಿ ಅದರಲ್ಲಿರುತ್ತವೆ. ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಗೋಡೆಗೆ ಮೊಳೆ ಹೊಡೆದು ಎತ್ತರದಲ್ಲಿ ಕೂರಿಸಿರುವ ಪೆಟ್ಟಿಗೆಯನ್ನು ಮತ್ತೆ ಮತ್ತೆ ಇಳಿಸುವ ಕಷ್ಟ ತಪ್ಪುತ್ತದೆ.

ಚೀಟಿ ಮಾಸಿಹೋಗಿದ್ದರೆ ವಿಳಾಸವನ್ನು ಫೋನ್ ಅಥವಾ ಕಂಪ್ಯೂಟರ್‌ನಿಂದಲೇ ಪಡೆಯಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು, ಸಂಪರ್ಕದಲ್ಲಿರುವ ನೆಟ್‌ವರ್ಕ್‌ನ ವಿವರಗಳಿಗೆ ಹೋದರೆ ‘ಗೇಟ್‌ವೇ’ ಎಂಬ ಸಾಲು ಕಾಣುತ್ತದೆ. ಐಫೋನ್‌ನಲ್ಲಿ ಅದೇ ಸ್ಥಳದಲ್ಲಿ ‘ರೂಟರ್’ ಎಂದಿರುತ್ತದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿದರೆ ‘ಡಿಫಾಲ್ಟ್ ಗೇಟ್‌ವೇ’ ಎಂಬುದರ ಮುಂದೆ ಬರುವ ಸಂಖ್ಯೆಯೇ ಬೇಕಾದದ್ದು. ಹೆಚ್ಚಿನ ರೂಟರ್‌ಗಳಲ್ಲಿ ಅದು 192.168.1.1 ಅಥವಾ 192.168.0.1, ಜಿಯೋಫೈಬರ್‌ನಲ್ಲಿ 192.168.29.1. 192.168ರಿಂದ ಆರಂಭವಾಗುವ ವಿಳಾಸಗಳು ಮನೆ ಮತ್ತು ಕಚೇರಿಗಳ ಒಳಬಳಕೆಗೆಂದೇ ಮೀಸಲಾದವು. ನಿಮ್ಮ ಮನೆಯಲ್ಲಿರುವ ವಿಳಾಸವೇ ಪಕ್ಕದ ಮನೆಯಲ್ಲೂ ಇರಬಹುದು, ಅದರಿಂದ ಗೊಂದಲವೇನೂ ಆಗುವುದಿಲ್ಲ.

ಫೈಬರ್ ಸಂಪರ್ಕವಿರುವ ಕೆಲವು ಮನೆಗಳಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ: ಫೈಬರ್ ತಂತಿಯಲ್ಲಿ ಬರುವ ಬೆಳಕನ್ನು ಇಂಟರ್ನೆಟ್ ಸಂಪರ್ಕವಾಗಿಸಲು ಕೇಬಲ್‌ನವರು ಕೊಟ್ಟ ಓಎನ್‌ಟಿ ಒಂದು, ನೀವು ಅಂಗಡಿಯಿಂದ ತಂದ ರೂಟರ್ ಇನ್ನೊಂದು. ಎರಡಕ್ಕೂ ಬೇರೆಬೇರೆ ಅಡ್ಮಿನ್ ಪುಟಗಳಿವೆ. ಒಂದನ್ನು ಭದ್ರಪಡಿಸಿ ಇನ್ನೊಂದನ್ನು ಮರೆಯುವುದು ಬಹಳ ಸಾಮಾನ್ಯ.

ಹಂತ 2: ಪುಟ ತೆರೆಯುವುದು

ಆ ಸಂಖ್ಯೆಯನ್ನು ಬ್ರೌಸರ್‌ನ ಮೇಲ್ತುದಿಯ ವಿಳಾಸ ಪಟ್ಟಿಯಲ್ಲಿ ಟೈಪಿಸಬೇಕು, ಗೂಗಲ್‌ನ ಹುಡುಕಾಟದ ಚೌಕದಲ್ಲಿ ಅಲ್ಲ. ಹುಡುಕಿದರೆ ರೂಟರ್ ಸಿಗುವುದಿಲ್ಲ. ‘ಲಾಗಿನ್ ಮಾಡಿಕೊಡುತ್ತೇವೆ’ ಎನ್ನುವ ಜಾಹೀರಾತು ಪುಟಗಳೂ ನಕಲಿ ಕಸ್ಟಮರ್ ಕೇರ್ ಸಂಖ್ಯೆಗಳೂ ಸಿಗುತ್ತವೆ. ಒಂದು ಎಂಬ ಅಂಕಿಯ ಬದಲಿಗೆ ಇಂಗ್ಲಿಷಿನ ಎಲ್ ಅಕ್ಷರ ಬಿದ್ದರೂ ಇದೇ ಗತಿ. ರೂಟರ್‌ನ ಪುಟ ತೆರೆಯಲು ಇಂಟರ್ನೆಟ್ ಬೇಕಾಗಿಲ್ಲ, ರೂಟರ್‌ಗೆ ಸಂಪರ್ಕವಿದ್ದರೆ ಸಾಕು. ಫೋನಿನಲ್ಲಿ ಮಾಡುವುದಾದರೆ ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ಕೆಲವೊಮ್ಮೆ ಫೋನ್ ಆ ದಾರಿ ಹಿಡಿದು ಪುಟ ತೆರೆದುಕೊಳ್ಳುವುದೇ ಇಲ್ಲ.

‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರಬಹುದು. ಬ್ಯಾಂಕಿನ ಜಾಲತಾಣದಲ್ಲಿ ಹೀಗೆ ಬಂದರೆ ಅಲ್ಲೇ ನಿಲ್ಲಬೇಕು. ರೂಟರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ, ಟೈಪಿಸಿದ ವಿಳಾಸ ಸರಿಯಿದ್ದು ನೀವು ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿಯೇ ಇದ್ದರೆ, ಇಲ್ಲಿ ಮುಂದುವರಿಯಬಹುದು.

ಹಂತ 3: ಲಾಗಿನ್ ಮತ್ತು ರೀಸೆಟ್ ಎಂಬ ಆತುರ

ಚೀಟಿಯಲ್ಲಿರುವ ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ಮೊದಲು ಪ್ರಯತ್ನಿಸಿ. ಕೆಲವು ಹೊಸ ರೂಟರ್‌ಗಳಲ್ಲಿ ಸಿದ್ಧ ಪಾಸ್‌ವರ್ಡ್ ಇರುವುದೇ ಇಲ್ಲ, ಮೊದಲ ಸಲ ತೆರೆದಾಗ ನೀವೇ ಒಂದನ್ನು ರಚಿಸಬೇಕು. ಯಾವುದೂ ಹೊಂದದಿದ್ದರೆ ಸಂಪರ್ಕ ಕೊಡಲು ಬಂದ ತಂತ್ರಜ್ಞರು ಬದಲಿಸಿರಬಹುದು. ಅವರನ್ನು ಕೇಳುವುದೇ ಸರಿಯಾದ ದಾರಿ.

ಇಲ್ಲಿ ಬಹಳ ಜನ ಮಾಡುವ ಕೆಲಸವೆಂದರೆ ಸೂಜಿಯನ್ನೋ ಪಿನ್ನನ್ನೋ ಹಿಡಿದು ಹಿಂಭಾಗದ ಸಣ್ಣ ರಂಧ್ರದೊಳಗಿನ ರೀಸೆಟ್ ಗುಂಡಿಯನ್ನು ಒತ್ತಿಬಿಡುವುದು. ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದರೆ ರೂಟರ್ ಕಾರ್ಖಾನೆಯಿಂದ ಹೊರಟ ಸ್ಥಿತಿಗೆ ಮರಳುವುದು ನಿಜ. ಆದರೆ ಅಡ್ಮಿನ್ ಪಾಸ್‌ವರ್ಡಿನ ಜೊತೆಗೆ ಪಿಪಿಪಿಒಇ ವಿವರಗಳೂ, ಫೈಬರ್ ಪೆಟ್ಟಿಗೆಯಾದರೆ ಸೇವಾದಾರರು ತುಂಬಿದ್ದ ವಿ-ಲ್ಯಾನ್ ಮೊದಲಾದ ಹೊಂದಾಣಿಕೆಗಳೂ ಅಳಿಸಿಹೋಗಬಹುದು. ಶನಿವಾರ ಸಂಜೆ ರೀಸೆಟ್ ಮಾಡಿ ಸೋಮವಾರದವರೆಗೆ ತಂತ್ರಜ್ಞರಿಗಾಗಿ ಕಾಯುವ ಸ್ಥಿತಿ ಬರುವುದು ಹೀಗೆಯೇ. ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ಸೇವಾದಾರರಿಂದ ಕೇಳಿ ಬರೆದಿಟ್ಟುಕೊಂಡ ಮೇಲಷ್ಟೇ ಆ ಗುಂಡಿಗೆ ಕೈಹಾಕಿ. ಸೇವಾದಾರರೇ ಕೊಟ್ಟ ಓಎನ್‌ಟಿಯನ್ನಂತೂ ಅವರನ್ನು ಕೇಳದೆ ರೀಸೆಟ್ ಮಾಡಲೇಬೇಡಿ.

ಹಂತ 4: ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು

ಒಳಹೊಕ್ಕ ಕೂಡಲೇ ಮಾಡಬೇಕಾದ ಕೆಲಸ ಇದು. ‘ಸಿಸ್ಟಮ್’, ‘ಮೇಂಟೆನೆನ್ಸ್’, ‘ಅಡ್ಮಿನಿಸ್ಟ್ರೇಷನ್’, ‘ಮ್ಯಾನೇಜ್‌ಮೆಂಟ್’ ಎಂಬ ವಿಭಾಗಗಳಲ್ಲೊಂದರಲ್ಲಿ ಪಾಸ್‌ವರ್ಡ್ ಬದಲಿಸುವ ಸೌಲಭ್ಯವಿರುತ್ತದೆ. ಹೊಸ ಪಾಸ್‌ವರ್ಡ್ ವೈ-ಫೈಯದ್ದಕ್ಕಿಂತ ಬೇರೆಯಾಗಿರಲಿ, ಏಕೆಂದರೆ ವೈ-ಫೈ ಪಾಸ್‌ವರ್ಡನ್ನು ನಾವು ನೆಂಟರಿಗೂ ಮಕ್ಕಳ ಸ್ನೇಹಿತರಿಗೂ ಕೊಡುತ್ತಲೇ ಇರುತ್ತೇವೆ.

ಹೊರಗಿನಿಂದ ರೂಟರ್‌ಗೆ ದಾರಿಯೇ ಇಲ್ಲದಿದ್ದರೆ ಈ ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಇದ್ದರೆ ಏನಂತೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಾಳಿ ಹೊರಗಿನಿಂದಲೇ ಬರಬೇಕೆಂದಿಲ್ಲ. ನೀವು ತೆರೆದ ಯಾವುದೋ ಕೆಟ್ಟ ಜಾಲಪುಟದಲ್ಲಿ ಅಡಗಿರುವ ಸಂಕೇತ (ಕೋಡ್), ನಿಮ್ಮದೇ ಬ್ರೌಸರ್‌ನ ಮೂಲಕ 192.168.1.1ಕ್ಕೆ ಆಜ್ಞೆ ಕಳುಹಿಸಲು ಯತ್ನಿಸಬಲ್ಲದು. ಆ ಆಜ್ಞೆ ಹೊರಡುವುದು ಮನೆಯೊಳಗಿನಿಂದ, ಬಳಸುವುದು ಎಲ್ಲರಿಗೂ ಗೊತ್ತಿರುವ ಸಿದ್ಧ ಪಾಸ್‌ವರ್ಡನ್ನು. ಹೀಗೆ ಒಳಹೊಕ್ಕವರು ಮೊದಲು ತಿದ್ದುವುದು ಡಿಎನ್‌ಎಸ್ ವಿಳಾಸವನ್ನು. ಜಾಲತಾಣದ ಹೆಸರನ್ನು ಅದರ ಸಂಖ್ಯಾ ವಿಳಾಸಕ್ಕೆ ಹೊಂದಿಸಿಕೊಡುವುದು ಡಿಎನ್‌ಎಸ್. ಅದು ವಂಚಕರ ಕೈಗೆ ಸಿಕ್ಕರೆ, ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಟೈಪಿಸಿದರೂ ನಿಮ್ಮನ್ನು ನಕಲಿ ಪುಟದತ್ತ ತಿರುಗಿಸಲು ಸಾಧ್ಯವಾಗುತ್ತದೆ. ಬ್ರೆಜಿಲ್‌ನಲ್ಲಿ 2011ರ ಸುಮಾರಿಗೆ ಲಕ್ಷಾಂತರ ಮೋಡೆಮ್‌ಗಳ ಡಿಎನ್‌ಎಸ್ ಅನ್ನು ವಂಚಕರು ಬದಲಿಸಿ ಇದನ್ನೇ ಮಾಡಿದ್ದರು. ಆದ್ದರಿಂದ ಪಾಸ್‌ವರ್ಡ್ ಬದಲಿಸಿದ ಮೇಲೆ ಇಂಟರ್ನೆಟ್ ಅಥವಾ ವ್ಯಾನ್ ವಿಭಾಗದಲ್ಲೂ ಮನೆಯ ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗದಲ್ಲೂ ಡಿಎನ್‌ಎಸ್ ಏನಿದೆ ಎಂದು ನೋಡಿ. ‘ಆಟೋ’ ಎಂದಿರಬೇಕು, ರೂಟರ್‌ನದೇ ವಿಳಾಸವಿರಬೇಕು, ಇಲ್ಲವೇ ನೀವೇ ಬಯಸಿ ಹಾಕಿದ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಇಂಥವು ಇರಬೇಕು. ಗುರುತಿಲ್ಲದ ವಿಳಾಸ ಕಂಡರೆ ಸೇವಾದಾರರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 5: ವೈ-ಫೈ ಪಾಸ್‌ವರ್ಡ್

ವೈರ್‌ಲೆಸ್ ವಿಭಾಗದಲ್ಲಿ ಸೆಕ್ಯುರಿಟಿ ಎಂಬ ಆಯ್ಕೆಯನ್ನು, ವೈ-ಫೈ ಸಂವಾದವನ್ನು ಗುಪ್ತಲಿಪಿಯಾಗಿಸುವ ವಿಧಾನಗಳಲ್ಲಿ ಹೊಸದಾದ ಡಬ್ಲ್ಯೂಪಿಎ3ಗೆ, ಹಳೆಯ ಫೋನ್‌ಗಳಿದ್ದರೆ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಸೇರಿದ ವಿಧಾನಕ್ಕೆ ಇಡಿ. ರೂಟರ್ ಹಳೆಯದಾಗಿದ್ದರೆ ಡಬ್ಲ್ಯೂಪಿಎ2 ಮತ್ತು ಎಇಎಸ್ ಇರಲಿ. ತೀರಾ ಹಳೆಯ ವಿಧಾನವಾದ ಡಬ್ಲ್ಯೂಇಪಿ ಮಾತ್ರ ಬೇಡವೇ ಬೇಡ. ಅದರ ದೋಷ 2001ರಲ್ಲೇ ಬಯಲಾಗಿದೆ.

ಪಾಸ್‌ವರ್ಡಿನ ವಿಷಯದಲ್ಲಿ ನಮ್ಮಲ್ಲಿ ಒಂದು ರೂಢಿ ಬೇರೂರಿದೆ: ಸಂಪರ್ಕ ಕೊಡಲು ಬಂದವರು ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿ ಹಾಕಿಹೋಗುತ್ತಾರೆ. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರ ನಡುವಿನ ಅಂಕಿಯಿಂದ ಆರಂಭವಾಗುವ ಹತ್ತು ಅಂಕಿಗಳಾದ್ದರಿಂದ ಒಟ್ಟು ಸಾಧ್ಯತೆಗಳು 400 ಕೋಟಿ. ದೊಡ್ಡ ಸಂಖ್ಯೆ ಎನಿಸಬಹುದು. ಆದರೆ ಡಬ್ಲ್ಯೂಪಿಎ2ನಲ್ಲಿ ಫೋನ್ ಮತ್ತು ರೂಟರ್ ಪರಸ್ಪರ ಗುರುತು ಹಿಡಿಯುವ ಸಂವಾದವನ್ನು ಹೊರಗಿನಿಂದ ಒಮ್ಮೆ ಸೆರೆಹಿಡಿದುಕೊಂಡರೆ, ಮನೆಗೆ ಹೋಗಿ ಪ್ರಬಲವಾದ ಗ್ರಾಫಿಕ್ಸ್ ಕಾರ್ಡ್ ಬಳಸಿ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಿ ಮುಗಿಸಬಹುದು. ಪಕ್ಕದ ಮನೆಯವರಿಗಂತೂ ಅಷ್ಟೂ ಕಷ್ಟವಿಲ್ಲ, ನಿಮ್ಮ ನಂಬರ್ ಅವರ ಫೋನಿನಲ್ಲೇ ಇದೆ.

ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ: ಹಲಸು, ತಂತಿ, ಗೋಣಿ, ಬೆಳ್ಳುಳ್ಳಿ ಎಂಬಂತೆ. ಅಚ್ಚಾಗಿರುವ ಈ ನಾಲ್ಕನ್ನೇ ಬಳಸಬೇಡಿ, ಗಾದೆ ಅಥವಾ ಹಾಡಿನ ಸಾಲೂ ಬೇಡ. ನೆಟ್‌ವರ್ಕ್‌ನ ಹೆಸರಿನಲ್ಲಿ ನಿಮ್ಮ ಹೆಸರು, ಫ್ಲ್ಯಾಟ್ ಸಂಖ್ಯೆ ಇಲ್ಲದಿರಲಿ. ಪಾಸ್‌ವರ್ಡ್ ಬದಲಿಸಿದ ಕೂಡಲೇ ಟಿವಿ, ಫೋನ್, ಕ್ಯಾಮೆರಾ ಎಲ್ಲವೂ ಸಂಪರ್ಕ ಕಳೆದುಕೊಳ್ಳುತ್ತವೆ. ಮನೆಯಲ್ಲಿ ಯಾರೂ ಆನ್‌ಲೈನ್ ತರಗತಿಯಲ್ಲೋ ಕಚೇರಿಯ ಮೀಟಿಂಗ್‌ನಲ್ಲೋ ಇಲ್ಲದ ಹೊತ್ತನ್ನು ಆರಿಸಿಕೊಳ್ಳಿ.

ನಿಮ್ಮ ಸಂಪರ್ಕವನ್ನು ಬೇರೆಯವರು ಬಳಸಿದರೆ ಡೇಟಾ ಹೋಗುತ್ತದೆ ಅಷ್ಟೇ ಎಂದುಕೊಳ್ಳುವಂತಿಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ವಿದೇಶಿಯೊಬ್ಬರ ಮನೆಯನ್ನು. ಭದ್ರವಾಗಿರದ ಅವರ ವೈ-ಫೈಯನ್ನು ಬೇರೆಯವರು ಬಳಸಿಕೊಂಡಿದ್ದರು.

ಹಂತ 6: ಮುಚ್ಚಬೇಕಾದ ಬಾಗಿಲುಗಳು

ಮೊದಲನೆಯದು ಡಬ್ಲ್ಯೂಪಿಎಸ್. ಪಾಸ್‌ವರ್ಡ್ ಟೈಪಿಸದೆ, ಎಂಟು ಅಂಕಿಯ ಪಿನ್ ಕೊಟ್ಟು ಸಂಪರ್ಕ ಪಡೆಯುವ ಸೌಲಭ್ಯ ಇದು. ಎಂಟು ಅಂಕಿ ಎಂದರೆ 10 ಕೋಟಿ ಸಾಧ್ಯತೆಗಳಿರಬೇಕು. ಆದರೆ ರೂಟರ್ ಪಿನ್ನನ್ನು ಎರಡು ಭಾಗವಾಗಿ ಪರೀಕ್ಷಿಸಿ, ಮೊದಲ ನಾಲ್ಕು ಅಂಕಿ ಸರಿಯೇ ತಪ್ಪೇ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಿಬಿಡುತ್ತದೆ. ಕೊನೆಯ ಅಂಕಿಯಂತೂ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಹೀಗಾಗಿ ಮೊದಲರ್ಧಕ್ಕೆ 10,000, ಉಳಿದರ್ಧಕ್ಕೆ 1,000, ಒಟ್ಟು 11,000 ಪ್ರಯತ್ನಗಳಷ್ಟೇ ಸಾಕು. 2011ರ ಡಿಸೆಂಬರ್‌ನಲ್ಲಿ ಈ ದೋಷ ಬಯಲಾದ ಮೇಲೂ ಪಿನ್ ಸೌಲಭ್ಯವನ್ನು ತೆರೆದಿಟ್ಟ ರೂಟರ್‌ಗಳು ಬಳಕೆಯಲ್ಲಿವೆ. ನಿಮ್ಮ ವೈ-ಫೈ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಇದರ ಮುಂದೆ ವ್ಯರ್ಥ, ಆಫ್ ಮಾಡಿ.

‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬುದು ಇಂಟರ್ನೆಟ್ ಕಡೆಯಿಂದಲೂ ಅಡ್ಮಿನ್ ಪುಟ ತೆರೆಯಲು ಬಿಡುವ ಆಯ್ಕೆ. ಅದೂ ಆಫ್ ಇರಲಿ. ದೂರದಿಂದ ಆಜ್ಞೆಗಳನ್ನು ಟೈಪಿಸಿ ರೂಟರ್ ನಡೆಸಲು ಬಿಡುವ ಟೆಲ್‌ನೆಟ್ ಕಂಡರೆ ಅದನ್ನೂ ಮುಚ್ಚಿ. ಉಪಕರಣಗಳು ತಾವೇ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ಆಫ್ ಮಾಡಿದರೆ ಕೆಲವು ಆನ್‌ಲೈನ್ ಆಟಗಳಿಗೆ ತೊಡಕಾಗಬಹುದು. ಮನೆಯಲ್ಲಿ ಆಟಗಾರರಿದ್ದರೆ ಅವರೊಂದಿಗೆ ಮಾತಾಡಿ ತೀರ್ಮಾನಿಸಿ. ಸೇವಾದಾರರ ಪೆಟ್ಟಿಗೆಯಲ್ಲಿ ಟಿಆರ್-069 ಎಂಬುದು ಕಂಡರೆ ಕೈ ಹಚ್ಚಬೇಡಿ, ಅವರು ದೂರದಿಂದ ದುರಸ್ತಿ ಮಾಡುವುದು ಅದರಿಂದಲೇ.

ನೆಟ್‌ವರ್ಕ್‌ನ ಹೆಸರನ್ನು ಬಚ್ಚಿಡುವುದು, ಪ್ರತಿ ಉಪಕರಣಕ್ಕೂ ಇರುವ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ಒಳಬಿಡುವುದು ಎಂಬ ಎರಡು ಸಲಹೆಗಳನ್ನು ಎಲ್ಲರೂ ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಶ್ರಮ ಹೆಚ್ಚು, ಫಲ ಕಡಿಮೆ. ಬಚ್ಚಿಟ್ಟ ಹೆಸರನ್ನು ಉಚಿತ ತಂತ್ರಾಂಶಗಳೇ ತೋರಿಸುತ್ತವೆ. ಮ್ಯಾಕ್ ವಿಳಾಸವನ್ನು ನಕಲು ಮಾಡಬಹುದು, ಅಲ್ಲದೆ ಈಗಿನ ಫೋನ್‌ಗಳು ಖಾಸಗಿತನಕ್ಕಾಗಿ ನಿಜವಾದ ಮ್ಯಾಕ್ ವಿಳಾಸದ ಬದಲು ಬೇರೊಂದನ್ನು ತೋರಿಸುತ್ತವೆ.

ಗೆಸ್ಟ್ ನೆಟ್‌ವರ್ಕ್ ಸೌಲಭ್ಯವಿದ್ದರೆ ಅದನ್ನು ಆನ್ ಮಾಡುವುದರಲ್ಲಿ ನಿಜವಾದ ಪ್ರಯೋಜನವಿದೆ. ಅತಿಥಿಗಳಿಗಷ್ಟೇ ಅಲ್ಲ, ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್‌ಗಳಿಗೂ ಅದನ್ನೇ ಕೊಡಿ. ಅವುಗಳಲ್ಲೊಂದು ಕೆಟ್ಟವರ ಕೈಗೆ ಸಿಕ್ಕರೂ ನಿಮ್ಮ ಲ್ಯಾಪ್‌ಟಾಪ್‌ನತ್ತ ಬರುವುದು ಕಷ್ಟವಾಗುತ್ತದೆ.

ಹಂತ 7: ಫರ್ಮ್‌ವೇರ್

ರೂಟರ್‌ನೊಳಗಿನ ತಂತ್ರಾಂಶಕ್ಕೂ ಫೋನಿನಂತೆಯೇ ಅಪ್‌ಡೇಟ್‌ಗಳು ಬರುತ್ತವೆ. ತಾನಾಗಿಯೇ ಅಪ್‌ಡೇಟ್ ಆಗುವ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ತಯಾರಕರ ಅಧಿಕೃತ ತಾಣದಿಂದ ಮಾತ್ರ, ಚೀಟಿಯಲ್ಲಿರುವ ಮಾದರಿ ಮತ್ತು ಹಾರ್ಡ್‌ವೇರ್ ಆವೃತ್ತಿಗೆ ಹೊಂದುವ ಕಡತವನ್ನು ಇಳಿಸಿಕೊಳ್ಳಬೇಕು. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ರೂಟರ್ ಮತ್ತೆ ಏಳದೇ ಇರಬಹುದು. ಆದ್ದರಿಂದ ಯುಪಿಎಸ್ ಇದ್ದರೆ ಅದಕ್ಕೆ ಜೋಡಿಸಿಕೊಂಡು, ಮಳೆ ಗುಡುಗು ಇಲ್ಲದ ಹೊತ್ತಿನಲ್ಲಿ ಮಾಡಿ. ಸೇವಾದಾರರ ಓಎನ್‌ಟಿಗೆ ಅಪ್‌ಡೇಟ್ ಹಾಕುವುದು ಸಾಮಾನ್ಯವಾಗಿ ಅವರ ಕೆಲಸ. ತಯಾರಕರು ಅಪ್‌ಡೇಟ್ ನಿಲ್ಲಿಸಿಬಿಟ್ಟಿರುವ ಮಾದರಿಯಾದರೆ, ಚೆನ್ನಾಗಿ ಓಡುತ್ತಿದ್ದರೂ, ಹೊಸದನ್ನು ಕೊಳ್ಳುವ ಯೋಚನೆ ಮಾಡಿ.

ಬದಲಾವಣೆಗಳೆಲ್ಲ ಮುಗಿದ ಮೇಲೆ ಸೇವ್ ಒತ್ತಿ, ಲಾಗ್‌ಔಟ್ ಆಗಿ, ಹೊಸ ಪಾಸ್‌ವರ್ಡಿನಿಂದ ಮತ್ತೊಮ್ಮೆ ಒಳಹೊಕ್ಕು ಖಚಿತಪಡಿಸಿಕೊಳ್ಳಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡುವುದರಲ್ಲಿ ತಪ್ಪಿಲ್ಲ, ರೂಟರ್ ಮೇಲೆಯೇ ಅಂಟಿಸಬೇಡಿ. ತಿಂಗಳಿಗೊಮ್ಮೆ ಸಂಪರ್ಕಿತ ಉಪಕರಣಗಳ ಪಟ್ಟಿಯನ್ನು ನೋಡಿ. ಗುರುತು ಸಿಗದ ಹೆಸರಿದ್ದರೆ ವೈ-ಫೈ ಪಾಸ್‌ವರ್ಡ್ ಬದಲಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಳೆಯ ರೂಟರನ್ನು ಗುಜರಿಗೆ ಹಾಕುವಾಗ ಅಥವಾ ಬೇರೆಯವರಿಗೆ ಕೊಡುವಾಗ, ಮೊದಲು ಬೇಡವೆಂದಿದ್ದ ಆ ರೀಸೆಟ್ ಗುಂಡಿಯನ್ನು ಒತ್ತಲೇಬೇಕು. ಇಲ್ಲದಿದ್ದರೆ ಮೂರೂ ಪಾಸ್‌ವರ್ಡ್‌ಗಳು ಅದರೊಳಗೆ ಉಳಿದಿರುತ್ತವೆ.